ಕೇಳುವ ಮಾತು, ಕೇಳುವ ಕಿವಿ

ನಿಮ್ಮ ಮನೆಯ ಹಿರಿಯರೊಬ್ಬರು ಜ್ವರದಿಂದ ಮಲಗಿದ್ದಾರೆನ್ನಿ. ಬೆಳಗ್ಗೆ ಅವರ ಬಳಿಗೆ ಹೋಗಿ, “ರಾತ್ರಿ ಚೆನ್ನಾಗಿ ನಿದ್ದೆ ಬಂತೆ?” ಎಂದು ಕೇಳುತ್ತೀರಿ. “ಹೂಂ, ಪರವಾಗಿಲ್ಲ” ಎನ್ನುತ್ತಾರೆ. ಡಾಕ್ಟರು ಬಂದಾಗ ಅದನ್ನೇ ಒಪ್ಪಿಸುತ್ತೀರಿ. ಇದರಲ್ಲಿ ತಪ್ಪೇನೂ ಕಾಣದು. ಆದರೆ ಇಂಥ ಪ್ರಶ್ನೆಯನ್ನು ನಂಬಿ ಕೂರುವುದು ಪ್ರಾಣಕ್ಕೇ ಮುಳುವಾದೀತೆಂದು 19ನೆಯ ಶತಮಾನದಲ್ಲಿಯೇ ಒಬ್ಬ ಮಹಿಳೆ ಎಚ್ಚರಿಸಿದ್ದರು.

ಅವರೇ ಫ್ಲಾರೆನ್ಸ್ ನೈಟಿಂಗೇಲ್. 1854ರ ನವೆಂಬರಿನಲ್ಲಿ 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿಗೆ ಹೋಗಿ, ಕ್ರಿಮಿಯಾ ಯುದ್ಧದ ಸೈನಿಕರಿಗೆ ಶುಶ್ರೂಷೆ ಮಾಡಿದ ಅವರ ಕಥೆಯನ್ನು ನೀವು ಬಲ್ಲಿರಿ. ಕೈಯಲ್ಲಿ ದೀಪ ಹಿಡಿದ ಆ ಚಿತ್ರ ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿದೆ. 1859ರಲ್ಲಿ ಅವರು ಶುಶ್ರೂಷೆಯನ್ನು ಕುರಿತು ಬರೆದ ಸಣ್ಣ ಪುಸ್ತಕ ಮಾತ್ರ ಅಷ್ಟಾಗಿ ಪರಿಚಿತವಲ್ಲ. ಅದು ದಾದಿಯರ ಪಠ್ಯಪುಸ್ತಕವಲ್ಲ. ಮನೆಮಂದಿಯ ಆರೋಗ್ಯ ನೋಡಿಕೊಳ್ಳುವ ಸಾಮಾನ್ಯ ಹೆಂಗಸರಿಗಾಗಿ ಬರೆದದ್ದು.

ನಿದ್ದೆಯ ವಿಷಯವನ್ನೇ ಅವರು ಅಲ್ಲಿ ಎತ್ತಿಕೊಳ್ಳುತ್ತಾರೆ. ಐದು ದಿನ, ಐದು ರಾತ್ರಿ ಕಣ್ಣು ಮುಚ್ಚದೆ ಕೊನೆಗೆ ಅದರಿಂದಲೇ ತೀರಿಕೊಂಡ ರೋಗಿಯ ವಿಷಯದಲ್ಲಿಯೂ, ನಡುವೆ ಎಚ್ಚರವಾಗದೆ ಇಡೀ ರಾತ್ರಿ ಮಲಗಲಾಗಲಿಲ್ಲವೆಂಬ ಇನ್ನೊಬ್ಬರ ವಿಷಯದಲ್ಲಿಯೂ ಬಂದ ಉತ್ತರ ಒಂದೇ ಆಗಿತ್ತಂತೆ. ಆದ್ದರಿಂದ ಎಷ್ಟು ಗಂಟೆ ನಿದ್ದೆ ಬಂತು, ಯಾವ ಹೊತ್ತಿನಲ್ಲಿ ಬಂತು ಎಂದು ಕೇಳಬೇಕೆಂಬುದು ಅವರ ಮಾತು. ಊಟ ಸೇರಲಿಲ್ಲವೆಂದರೂ ಹಾಗೆಯೇ. ಅಡುಗೆ ಕೆಟ್ಟಿತೆ, ಪಥ್ಯ ಒಗ್ಗಲಿಲ್ಲವೆ, ಕೊಟ್ಟ ಹೊತ್ತು ಸರಿಯಿಲ್ಲವೆ, ನಿಜವಾಗಿ ಹಸಿವೇ ಇಲ್ಲವೆ? ಈ ನಾಲ್ಕಕ್ಕೂ ಪರಿಹಾರ ಬೇರೆ ಬೇರೆ. ರೋಗಿಯೊಡನೆ ಮಾತನಾಡುವಾಗ ಅವನ ಕಣ್ಣಿಗೆ ಕಾಣುವಂತೆ ಕುಳಿತುಕೊಳ್ಳಿ, ಬಾಗಿಲ ಹೊರಗೆ ನಿಂತು ಪಿಸುಗುಟ್ಟಬೇಡಿ ಎಂದೂ ಅವರು ಹೇಳಿದರು. “ಏನೂ ಆಗೋದಿಲ್ಲ, ನಾಳೆಗೆ ಎದ್ದು ಓಡಾಡುತ್ತೀರಿ” ಎಂಬಂಥ ಪೊಳ್ಳು ಭರವಸೆಗಳನ್ನು ಕಂಡರಂತೂ ಅವರಿಗೆ ಆಗುತ್ತಿರಲಿಲ್ಲ. ನೋಡಲು ಬಂದವರು ಹಾಗೆಂದರೆ, ರೋಗಿ ತನ್ನ ಸಂಕಟವನ್ನು ನುಂಗಿಕೊಂಡು ಸುಮ್ಮನಾಗಬೇಕಷ್ಟೆ.

ಹೀಗೆ ಸರಿಯಾದ ಪ್ರಶ್ನೆಯ ಮಹತ್ವ ತಿಳಿಯಿತು. ಆದರೆ ರೋಗಿ ನಿಜ ಹೇಳಬೇಕಾದರೆ ಕೇಳುವವರ ಮೇಲೆ ವಿಶ್ವಾಸ ಬೇಕಲ್ಲವೆ? ಅದನ್ನು ಶಾಸ್ತ್ರವಾಗಿ ವಿವರಿಸಿದವರು ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲಾವ್. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ದಾದಿಯಾಗಿ ಇಂಗ್ಲೆಂಡಿಗೆ ಹೋಗಿದ್ದ ಅವರು, ಮನಸ್ಸು ನೊಂದ ಸೈನಿಕರ ನಡುವೆ ಕೆಲಸ ಮಾಡಿದ್ದರು. ದಾದಿ ಮತ್ತು ರೋಗಿ ಮೊದಲು ಅಪರಿಚಿತರಾಗಿ ಭೇಟಿಯಾಗುತ್ತಾರೆ. ಅವರಲ್ಲಿ ಹಂತಹಂತವಾಗಿ ಬೆಳೆಯುವ ಸಂಬಂಧವೇ ಚಿಕಿತ್ಸೆಯ ಒಂದು ಭಾಗ ಎಂದು ಅವರು ಬರೆದರು. ಈ ಪುಸ್ತಕ 1948ರಲ್ಲಿಯೇ ಸಿದ್ಧವಾಗಿತ್ತು, ಅಚ್ಚಾದದ್ದು 1952ರಲ್ಲಿ. ವೈದ್ಯರೊಬ್ಬರ ಹೆಸರು ಜೊತೆಗಿಲ್ಲದೆ ದಾದಿಯೊಬ್ಬಳೇ ಪುಸ್ತಕ ಬರೆಯುವುದು ಆಗಿನ ಕಾಲಕ್ಕೆ ಉಚಿತವೆನಿಸಲಿಲ್ಲ. ರೋಗಿಯ ಮಾತು ಕೇಳಬೇಕೆಂದು ಹೇಳಹೊರಟವರ ಮಾತನ್ನೇ ಕೇಳಲು ನಾಲ್ಕು ವರ್ಷ ಹಿಡಿಯಿತು.

ಬಳಿಕ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಐಡಾ ಜೀನ್ ಒರ್ಲಾಂಡೊ ಎಂಬವರು, ದಾದಿಯರಿಗೂ ರೋಗಿಗಳಿಗೂ ನಡುವೆ ನಡೆದ ಸುಮಾರು 2,000 ಪ್ರಸಂಗಗಳನ್ನು ಪರಿಶೀಲಿಸಿ 1961ರಲ್ಲಿ ಪುಸ್ತಕ ಪ್ರಕಟಿಸಿದರು. ಅದರ ಸಾರ ಸರಳವಾದದ್ದು: ರೋಗಿಯ ಮನಸ್ಸು ನನಗೆ ತಿಳಿದಿದೆಯೆಂದು ಊಹಿಸಬೇಡಿ, ನಿಮಗೆ ತೋಚಿದ್ದನ್ನು ಹೇಳಿ, ಅದು ಸರಿಯೇ ಎಂದು ಅವನನ್ನೇ ಕೇಳಿ. ಪದೇ ಪದೇ ನೀರು ಬೇಡುವವನಿಗೆ ಬೇಕಾದುದು ನೀರೇ ಇರಬಹುದು. ಒಂಟಿಯಾಗಿರಲು ಭಯವೂ ಇರಬಹುದು. ಲೋಟ ತುಂಬಿಸಿಟ್ಟು ಹೊರಟುಹೋದರೆ ಭಯ ಅಲ್ಲಿಯೇ ಉಳಿಯುತ್ತದೆ.

ಇಂದು ಆಸ್ಪತ್ರೆಯಲ್ಲಿ ನರ್ಸ್ ಬಂದು, ನೋವು ಎಲ್ಲಿ, ಯಾವಾಗಿನಿಂದ, ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಎಷ್ಟು ಎಂದು ವಿಚಾರಿಸಿದರೆ ಬೇಸರಪಡಬೇಡಿ. ಆ ಪ್ರಶ್ನೆಗಳ ಹಿಂದೆ ಇಷ್ಟು ದೊಡ್ಡ ಚರಿತ್ರೆಯಿದೆ.

ನಮ್ಮ ಭಾಷೆಯಲ್ಲಿ ಪ್ರಶ್ನಿಸುವುದಕ್ಕೂ ಆಲಿಸುವುದಕ್ಕೂ ‘ಕೇಳು’ ಎಂಬುದು ಒಂದೇ ಮಾತು. ನಾಳೆ ನಿಮ್ಮ ಮನೆಯ ಹಿರಿಯರ ಮಂಚದ ಪಕ್ಕಕ್ಕೆ ಹೋದಾಗ ಒಂದು ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕುಳಿತುಕೊಳ್ಳಿ. ಎಷ್ಟು ಹೊತ್ತು ನಿದ್ದೆ ಬಂತೆಂದು ಕೇಳಿ. ಉತ್ತರ ಬರುವ ತನಕ ಏಳಬೇಡಿ.