ವೀಡಿಯೊ ಕಡತದಿಂದ ಧ್ವನಿ ಬೇರ್ಪಡಿಸುವಿಕೆ

ವೀಡಿಯೊ ಕಡತದಿಂದ ಧ್ವನಿ ಬೇರ್ಪಡಿಸುವಿಕೆ ಎಂದರೆ ವೀಡಿಯೊ ಕಡತವೊಂದರಲ್ಲಿರುವ ಧ್ವನಿಯ ಭಾಗವನ್ನು ಮಾತ್ರ ತೆಗೆದು ಪ್ರತ್ಯೇಕ ಕಡತವಾಗಿ ಉಳಿಸುವ ಕ್ರಿಯೆ. ಹೀಗೆ ಪಡೆದ ಧ್ವನಿಯನ್ನು ಅಗತ್ಯಕ್ಕೆ ತಕ್ಕಂತೆ ಬೇರೊಂದು ಸ್ವರೂಪಕ್ಕೆ ಪರಿವರ್ತಿಸಲಾಗುತ್ತದೆ. ಭಾಷಣ, ಪಾಠ, ಸಂದರ್ಶನ ಹಾಗೂ ಜನಪದ ಗೀತೆಗಳ ದಾಖಲೀಕರಣದಲ್ಲಿ ಈ ವಿಧಾನ ಬಳಕೆಯಲ್ಲಿದೆ.

ಕಡತದ ರಚನೆ

ಎಂಪಿ4, ಎಂಕೆವಿ, ವೆಬ್‌ಎಂ ಮೊದಲಾದವು ಧಾರಕ ಸ್ವರೂಪಗಳು. ಇವುಗಳೊಳಗೆ ಚಿತ್ರ ಮತ್ತು ಧ್ವನಿ ಬೇರೆ ಬೇರೆ ಪಥಗಳಾಗಿರುತ್ತವೆ. ಪ್ರತಿಯೊಂದು ಪಥವನ್ನೂ ಒಂದು ಕೋಡೆಕ್ ಸಂಕೇತಿಸಿರುತ್ತದೆ. ಮೊಬೈಲ್ ಫೋನ್‌ಗಳಲ್ಲಿ ಚಿತ್ರೀಕರಿಸಿದ ಎಂಪಿ4 ಕಡತಗಳಲ್ಲಿ ಧ್ವನಿಯು ಸಾಮಾನ್ಯವಾಗಿ ಎಎಸಿ ಕೋಡೆಕ್‌ನಲ್ಲಿರುತ್ತದೆ. ಕಡತದ ಹೆಸರಿನ ಕೊನೆಯಲ್ಲಿರುವ ಎಂಪಿ4 ಎಂಬುದನ್ನು ಎಂಪಿ3 ಎಂದು ತಿದ್ದಿದ ಮಾತ್ರಕ್ಕೆ ಒಳಗಿನ ಸ್ವರೂಪ ಬದಲಾಗುವುದಿಲ್ಲ.

ಬೇರ್ಪಡಿಸುವಿಕೆ ಮತ್ತು ಪರಿವರ್ತನೆ

ಇವೆರಡೂ ಒಂದೇ ಅಲ್ಲ. ಧ್ವನಿಪಥವನ್ನು ಇದ್ದಂತೆಯೇ ನಕಲು ಮಾಡಿ ಹೊಸ ಧಾರಕದಲ್ಲಿ ಇಟ್ಟರೆ ಗುಣಮಟ್ಟ ಕಿಂಚಿತ್ತೂ ಕುಂದುವುದಿಲ್ಲ. ಕೆಲಸವೂ ಬೇಗ ಮುಗಿಯುತ್ತದೆ. ಎಎಸಿ ಧ್ವನಿಯನ್ನು ಹೀಗೆ ಎಂ4ಎ ಕಡತವಾಗಿ ಉಳಿಸಬಹುದು. ಪರಿವರ್ತನೆಯಲ್ಲಾದರೋ ಧ್ವನಿಯನ್ನು ಮೊದಲು ಬಿಡಿಸಿ, ಅನಂತರ ಹೊಸ ಕೋಡೆಕ್‌ನಲ್ಲಿ ಮರುಸಂಕೇತಿಸಲಾಗುತ್ತದೆ.

ಎಂಪಿ3, ಎಎಸಿ ಮತ್ತು ಓಪಸ್ ನಷ್ಟಸಹಿತ ಸಂಕೋಚನದ ಕೋಡೆಕ್‌ಗಳು. ಕಿವಿಗೆ ಅಷ್ಟಾಗಿ ಕೇಳಿಸದ ಅಂಶಗಳನ್ನು ಕೈಬಿಟ್ಟು ಇವು ಗಾತ್ರವನ್ನು ಕುಗ್ಗಿಸುತ್ತವೆ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸಿದಾಗಲೆಲ್ಲ ನಷ್ಟ ಹೆಚ್ಚುತ್ತದೆ. ಕಳೆದುಹೋದ ಅಂಶವನ್ನು ಮರಳಿ ಪಡೆಯಲಾಗದು. ಎಂಪಿ3 ಕಡತವನ್ನು ವೇವ್ ಸ್ವರೂಪಕ್ಕೆ ಬದಲಾಯಿಸಿದರೆ ಗಾತ್ರ ಹಿಗ್ಗುತ್ತದೆಯೇ ಹೊರತು ಗುಣಮಟ್ಟ ಸುಧಾರಿಸುವುದಿಲ್ಲ.

ಪ್ರಮುಖ ಸ್ವರೂಪಗಳು

* ವೇವ್ – 1991ರಲ್ಲಿ ಮೈಕ್ರೋಸಾಫ್ಟ್ ಮತ್ತು ಐಬಿಎಂ ರೂಪಿಸಿದವು. ಸಾಮಾನ್ಯವಾಗಿ ಇದರಲ್ಲಿ ಧ್ವನಿ ಸಂಕೋಚನವಿಲ್ಲದೆ ಇರುತ್ತದೆ. ಸಿ.ಡಿ. ಗುಣಮಟ್ಟದ ಒಂದು ಗಂಟೆಯ ಸ್ಟೀರಿಯೊ ಧ್ವನಿಗೆ ಸುಮಾರು 635 ಮೆಗಾಬೈಟ್ ಬೇಕು.
* ಫ್ಲ್ಯಾಕ್ – 2001ರಲ್ಲಿ ಬಿಡುಗಡೆಯಾದ ನಷ್ಟರಹಿತ ಸಂಕೋಚನದ ಸ್ವರೂಪ.
* ಎಂಪಿ3 – ಸೆಕೆಂಡಿಗೆ 128 ಕಿಲೋಬಿಟ್ ದರದಲ್ಲಿ ಒಂದು ಗಂಟೆಯ ಧ್ವನಿ ಸುಮಾರು 58 ಮೆಗಾಬೈಟ್ ಆಗುತ್ತದೆ. ಇದರ ಪರವಾನಗಿ ಯೋಜನೆಯನ್ನು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ 2017ರಲ್ಲಿ ಕೊನೆಗೊಳಿಸಿತು.
* ಓಪಸ್ – 2012ರಲ್ಲಿ ಮುಕ್ತ ಮಾನಕವಾಗಿ ಪ್ರಕಟವಾಯಿತು. ಕಡಿಮೆ ಬಿಟ್ ದರದಲ್ಲಿಯೂ ಮಾತು ಸ್ಪಷ್ಟವಾಗಿರುತ್ತದೆ.

ತಂತ್ರಾಂಶಗಳು

2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಆರಂಭಿಸಿದ ಎಫ್‌ಎಫ್‌ಎಂಪೆಗ್ ಮುಕ್ತ ತಂತ್ರಾಂಶವಾಗಿದ್ದು, ಆದೇಶಗಳ ಮೂಲಕ ಕೆಲಸ ಮಾಡುತ್ತದೆ. ಚಿತ್ರವನ್ನು ಕೈಬಿಟ್ಟು ಧ್ವನಿಯನ್ನು ನಕಲಿಸುವ ಹಾಗೂ ಮರುಸಂಕೇತಿಸುವ ಎರಡೂ ಸೌಲಭ್ಯಗಳು ಇದರಲ್ಲಿವೆ. ವಿಎಲ್‌ಸಿ ಪ್ಲೇಯರ್‌ನ ಗಣಕಯಂತ್ರ ಆವೃತ್ತಿಯಲ್ಲಿ ‘ಮೀಡಿಯಾ’ ಪಟ್ಟಿಯ ‘ಕನ್ವರ್ಟ್/ಸೇವ್’ ಆಯ್ಕೆಯಿಂದ ಧ್ವನಿಯನ್ನು ಪಡೆಯಬಹುದು. ಧ್ವನಿಯನ್ನು ಕತ್ತರಿಸಲು ಮತ್ತು ಗದ್ದಲ ತಗ್ಗಿಸಲು ಅಡಾಸಿಟಿ ಉಪಯುಕ್ತ.

ಜಾನಪದ ದಾಖಲೀಕರಣದಲ್ಲಿ

ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿರುವ ಹಾವೇರಿ ಜಿಲ್ಲೆಯು ತತ್ವಪದಕಾರ ಶಿಶುನಾಳ ಶರೀಫರ ನಾಡೂ ಹೌದು. ಇಂತಹ ಪ್ರದೇಶದಲ್ಲಿ ಬಾಯಿಂದ ಬಾಯಿಗೆ ಬಂದ ಹಾಡಿಗೆ ಕೆಲವೊಮ್ಮೆ ಮೊಬೈಲ್ ವೀಡಿಯೊ ಒಂದೇ ದಾಖಲೆಯಾಗಿರಬಹುದು. ಉದಾಹರಣೆಗೆ, ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರಾ ತೀರದ ಐರಣಿಯಲ್ಲಿ ಭಜನೆಯೊಂದನ್ನು ಚಿತ್ರೀಕರಿಸಿದರೆ, ಕಡಿಮೆ ಬಿಟ್ ದರದ ಎಂಪಿ3ಗೆ ಪರಿವರ್ತಿಸುವಾಗ ತಾಳದ ಝೇಂಕಾರದಂತಹ ಎತ್ತರದ ಕಂಪನಗಳು ಮಸುಕಾಗುತ್ತವೆ. ಹಾಡಿದವರು ಕಾಲವಾದ ಮೇಲೆ ಅದನ್ನು ಸರಿಪಡಿಸಲು ದಾರಿಯಿಲ್ಲ. ಆದ್ದರಿಂದ ಮೂಲ ವೀಡಿಯೊವನ್ನು ಅಳಿಸದೆ, ಅದರ ಧ್ವನಿಯನ್ನು ಇದ್ದಂತೆ ನಕಲಿಸಿ ಕಾಯ್ದಿರಿಸುವುದು, ಹಂಚಿಕೆಗೆ ಮಾತ್ರ ಚಿಕ್ಕ ಪ್ರತಿ ಸಿದ್ಧಪಡಿಸುವುದು ಸೂಕ್ತ.

ವಿಕಿಮೀಡಿಯ ಕಾಮನ್ಸ್ ಎಂಪಿ4 ಕಡತಗಳನ್ನು ಸ್ವೀಕರಿಸುವುದಿಲ್ಲ. ಮೊಬೈಲ್ ವೀಡಿಯೊದ ಧ್ವನಿಯನ್ನು ಅಲ್ಲಿಗೆ ಸೇರಿಸಲು ಫ್ಲ್ಯಾಕ್, ವೇವ್ ಅಥವಾ ಓಪಸ್‌ನಂತಹ ಸ್ವರೂಪಕ್ಕೆ ಪರಿವರ್ತಿಸಬೇಕು. ಮೊದಲೆರಡರಲ್ಲಿ ಹೊಸ ಸಂಕೋಚನ ನಷ್ಟ ಸೇರುವುದಿಲ್ಲ.

ಹಕ್ಕುಸ್ವಾಮ್ಯ

ಸ್ವರೂಪ ಬದಲಾದರೂ ಹಕ್ಕುಗಳು ಬದಲಾಗುವುದಿಲ್ಲ. ಭಾರತದ ಹಕ್ಕುಸ್ವಾಮ್ಯ ಕಾಯ್ದೆ, 1957ರ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷ ಇರುತ್ತದೆ. ಹಾಡು ಪರಂಪರೆಯದಾಗಿದ್ದರೂ ಹಾಡುವವರಿಗೆ ಪ್ರದರ್ಶಕರ ಹಕ್ಕು ಪ್ರತ್ಯೇಕವಾಗಿದ್ದು, ಅದರ ಅವಧಿ 50 ವರ್ಷ.