ಉಡಿಕೆಯೂ ಗೃಹಸಂಗಾತಿಯ ಸ್ಥಾನವೂ: ಹಾನಗಲ್–ಸವಣೂರು ಸೀಮೆಯ ನೆಲೆಯಿಂದ ಒಂದು ವಿವೇಚನೆ

ಮದುವೆಯಾಗದೆ ಒಂದೇ ಸೂರಿನಡಿ ಸಂಸಾರ ಹೂಡಿದವರಿಗೆ ಕಾನೂನು ಕೊಡುವ ಸ್ಥಾನವೇ ಗೃಹಸಂಗಾತಿ, ಅಂದರೆ ಡೊಮೆಸ್ಟಿಕ್ ಪಾರ್ಟ್‌ನರ್. ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರಾಡಳಿತ 1984ರಲ್ಲಿ ನೌಕರರ ಸಂಗಾತಿಗಳಿಗೆ ಸವಲತ್ತು ಕೊಡಲು ಈ ಪದವನ್ನು ಬಳಸಿತು. 1999ರಲ್ಲಿ ಆ ರಾಜ್ಯವೇ ನೋಂದಣಿ ಶಾಸನ ಮಾಡಿತು. ಕರ್ನಾಟಕದಲ್ಲಿ ಅಂಥ ನೋಂದಣಿಯಿಲ್ಲ.

ಹತ್ತಿಮತ್ತೂರು, ಸವಣೂರು, ಹಾನಗಲ್, ಶಿಗ್ಗಾಂವಿ, ಹಿರೇಕೆರೂರುಗಳ ಸೀಮೆಯಲ್ಲಿ ಈ ವಿಚಾರ ಉಡಿಕೆಯಿಂದಲೇ ಆರಂಭವಾಗಬೇಕು. ವಿಧವೆಗೋ ಸೋಡಚೀಟಿ, ಅಂದರೆ ರೂಢಿಯ ವಿಚ್ಛೇದನ ಪತ್ರ, ಪಡೆದವಳಿಗೋ ಹಿರಿಯರೆದುರು ಸೀರೆ ಉಡಿಸಿ ಹೊಸ ಮನೆ ತುಂಬಿಸುವ ಹಲವು ಸಮುದಾಯಗಳ ರೂಢಿಯೇ ಉಡಿಕೆ. ಇದಕ್ಕೆ ಮೊದಲ ಲಗ್ನದ ಸಡಗರವಿಲ್ಲ, ಅಷ್ಟು ಮಾನವೂ ಇಲ್ಲ. ಆದರೆ ಇದು ಮದುವೆಯೇ. ವಿಧವೆಯರಿಗೆ ಉಪಕಾರವೆಂದು ಬಂದ 1856ರ ವಿಧವಾ ಪುನರ್ವಿವಾಹ ಕಾಯ್ದೆ ಇಲ್ಲಿ ಅಪಕಾರವನ್ನೂ ಮಾಡಿತು. ಮರುಮದುವೆಯಾದವಳು ಮೊದಲ ಗಂಡನ ಆಸ್ತಿ ಬಿಡಬೇಕೆಂಬ ಅದರ ವಿಧಿ, ರೂಢಿಯಿಂದಲೇ ಉಡಿಕೆ ಇದ್ದ ಜಾತಿಗಳಿಗೂ ಅನ್ವಯಿಸುತ್ತದೆ ಎಂದು ಮುಂಬಯಿ ಹೈಕೋರ್ಟ್ ಹೇಳಿತು. ಅಲಹಾಬಾದ್ ಹೈಕೋರ್ಟ್ ಒಪ್ಪಲಿಲ್ಲ. ಆದರೆ ಈ ಸೀಮೆಯ ಬಹುಭಾಗ ಸೇರಿದ್ದ ಧಾರವಾಡ ಜಿಲ್ಲೆ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ.

ನಿಜವಾದ ಬಿರುಕು ಮೂಡಿದ್ದು ಮುಂಬಯಿ ಪ್ರಾಂತ್ಯದ 1946ರ ದ್ವಿಪತ್ನಿತ್ವ ನಿಷೇಧದಿಂದ, ಬಳಿಕ 1955ರ ಹಿಂದೂ ವಿವಾಹ ಕಾಯ್ದೆಯಿಂದ. ರೂಢಿಯ ವಿಧಿಯನ್ನೂ ರೂಢಿಯ ವಿಚ್ಛೇದನವನ್ನೂ 1955ರ ಕಾಯ್ದೆ ಮನ್ನಿಸುತ್ತದೆ. ಮೊದಲ ಹೆಂಡತಿ ಬದುಕಿರುವಾಗ ನಡೆದ ಉಡಿಕೆಯನ್ನು ಮನ್ನಿಸದು. ಊರಿನ ಕಣ್ಣಲ್ಲಿ ಎರಡನೆಯ ಹೆಂಡತಿಯಾದವಳು ಕಾನೂನಿನ ಕಣ್ಣಲ್ಲಿ ಯಾರೂ ಅಲ್ಲದವಳಾದಳು. ಲಿವ್-ಇನ್ ಎಂದೊಡನೆ ಬೆಂಗಳೂರಿನ ಬಾಡಿಗೆ ಫ್ಲ್ಯಾಟಿನ ತರುಣ ಜೋಡಿ ನೆನಪಾಗುವುದುಂಟು. ಹಳ್ಳಿಗಳ ಮಟ್ಟಿಗೆ ಈ ಚರ್ಚೆಯ ಕೇಂದ್ರದಲ್ಲಿ ಇರಬೇಕಾದವಳು ಇವಳೇ.

ಕೌಟುಂಬಿಕ ಹಿಂಸೆಯ ವಿರುದ್ಧದ 2005ರ ಕಾಯ್ದೆ ‘ಮದುವೆಯ ಸ್ವರೂಪದ ಸಂಬಂಧ’ದಲ್ಲಿರುವ ಹೆಣ್ಣಿಗೂ ರಕ್ಷಣೆ ಕೊಟ್ಟಿತು. ಆದರೆ ಇಬ್ಬರೂ ಮದುವೆಗೆ ಅರ್ಹರಿರಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಗೆರೆ ಎಳೆಯಿತು. ಬೆಂಗಳೂರಿನ ಒಂದು ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟ್ ತಿಂಗಳಿಗೆ 18,000 ರೂಪಾಯಿ ಜೀವನಾಂಶ ಕೊಡಿಸಿದ್ದರು. ಗಂಡಸು ವಿವಾಹಿತನೆಂದು ಗೊತ್ತಿದ್ದೇ ಹೆಣ್ಣು ಜೊತೆಗಿದ್ದಳೆಂಬ ಕಾರಣಕ್ಕೆ 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿರಾಕರಿಸಿತು. ಇಂಥ ಹೆಂಗಸರಿಗೆ ಶಾಸಕಾಂಗವೇ ದಾರಿ ಮಾಡಬೇಕು ಎಂದೂ ಅದೇ ತೀರ್ಪು ಹೇಳಿತು.

ಮಕ್ಕಳ ಸ್ಥಿತಿ ಇಷ್ಟು ಕೆಟ್ಟದ್ದಲ್ಲ. ಅಸಿಂಧು ವಿವಾಹದ ಮಕ್ಕಳಿಗೆ ಪಿತ್ರಾರ್ಜಿತದಲ್ಲಿ ತಂದೆಯ ಪಾಲಿಗೆ ಬರುವಷ್ಟರಲ್ಲಿ ಹಕ್ಕಿದೆಯೆಂದು, ಕರ್ನಾಟಕದಿಂದಲೇ ಹೋದ ವ್ಯಾಜ್ಯದಲ್ಲಿ 2023ರ ಸೆಪ್ಟೆಂಬರಿನಲ್ಲಿ ತೀರ್ಮಾನವಾಯಿತು. ತಾಯಿಗೆ ಮಾತ್ರ ಉತ್ತರಾಧಿಕಾರವಿಲ್ಲ. ಆತ ಮೃತ್ಯುಪತ್ರ ಬರೆದಿಟ್ಟರೆ ಅದರಲ್ಲಿದ್ದಷ್ಟು ಸಿಗುತ್ತದೆ.