ಮಣ್ಣಿನ ಕುಸ್ತಿಯೋ, ಮ್ಯಾಟ್ ಕುಸ್ತಿಯೋ?

ಧಾರವಾಡದ ಲಕಮನಹಳ್ಳಿಯಿಂದ ಮಾತಾಡಾಕತ್ತೀನಿ. ಒಂದೇ ಆಟಕ್ಕೆ ಎರಡು ದಾರಿ ಯಾಕಾಗ್ತಾವು?

1895ರಲ್ಲಿ ಇಂಗ್ಲೆಂಡಿನ ಉತ್ತರದ ರಗ್ಬಿ ಕ್ಲಬ್‌ಗಳು, ಕೆಲಸ ಬಿಟ್ಟು ಆಡುವ ಕಾರ್ಮಿಕರ ಕೂಲಿ ತುಂಬಿಕೊಡಬೇಕೆಂದು ಹಟ ಹಿಡಿದು ಯೂನಿಯನ್‌ನಿಂದ ಹೊರಬಂದವು. ಅದೇ ಮುಂದೆ ರಗ್ಬಿ ಲೀಗ್. ಅಲ್ಲಿ 13 ಆಟಗಾರರು, ಯೂನಿಯನ್‌ನಲ್ಲಿ 15.

ನಮ್ಮ ಕಡೆ ಹಂಗ ಎರಡಾಗಿದ್ದು ಕುಸ್ತಿ. ಜಾತ್ರೆಯ ಮಣ್ಣಿನ ಕಣದಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಇನಾಮು. ಮ್ಯಾಟ್ ಮೇಲೆ 3 ನಿಮಿಷದ 2 ಸುತ್ತು. ಚಿತ್ ಆಗದಿದ್ದರೂ ಪಾಯಿಂಟ್ ಮೇಲೆ ಗೆಲ್ಲಬಹುದು. ಮಣ್ಣಲ್ಲಿ ಪಳಗಿದ ಕೆ.ಡಿ. ಜಾಧವ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟ್‌ಗೆ ಹೊಸಬರು, ಆರನೇ ಸ್ಥಾನ. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ತಂದರು.

ಇವತ್ತಿಗೂ ಗರಡಿ ಹುಡುಗನ ಸಂಕಟ ಕೂಲಿಯದೇ: ಇನಾಮು ಮಣ್ಣಿನಾಗ ಐತಿ, ಪದಕ ಮ್ಯಾಟಿನ ಮ್ಯಾಲೆ. ನಾನಂತೂ ಎರಡನ್ನೂ ಕಲಿ ಅಂತೀನಿ.